ಬಯಲುದಾರಿಯ ಸೈಕಲ್ ಸವಾರಿ: ಸೀಟಿನ ಎತ್ತರ, ತುಳಿತ, ಭಂಗಿ

ಅಹಮದಾಬಾದ್ ಸಮುದ್ರಮಟ್ಟದಿಂದ ಸುಮಾರು 53 ಮೀಟರ್ ಎತ್ತರದಲ್ಲಿದೆ; ಸೂರತ್ ಸುಮಾರು 13 ಮೀಟರ್. ಈ ದಾರಿಯ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ನಡಿಯಾದ್, ಆಣಂದ್, ವಡೋದರಾ, ಭರೂಚ್ ಹಾದು ಸೂರತ್ ಸೇರುವ ಹಳೆಯ ಹೆದ್ದಾರಿಯಲ್ಲಿ, ವಾಸದ್ ಬಳಿಯ ಮಹಿ ನದಿಯ ಕೊರಕಲು ಬಿಟ್ಟರೆ ಹೇಳಿಕೊಳ್ಳುವಂಥ ಏರಿಳಿತವಿಲ್ಲ. ನಂದಿಬೆಟ್ಟ ಹತ್ತುವವನು ಏರಿನಲ್ಲಿ ಎದ್ದುನಿಂತು ತುಳಿಯುತ್ತಾನೆ, ಇಳಿಜಾರಿನಲ್ಲಿ ಕಾಲಿಗೆ ಬಿಡುವು ಕೊಡುತ್ತಾನೆ. ಬಯಲಿನಲ್ಲಿ ಆ ಬಿಡುವು ಸಿಗುವುದಿಲ್ಲ. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಗಂಟೆಯಲ್ಲಿ ಪ್ರತಿ ಮೊಣಕಾಲೂ 5,400 ಸಲ ಅದೇ ಕೋನದಲ್ಲಿ ಮಡಚಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಇಂಥ ದಾರಿಯಲ್ಲಿ ತುಳಿತದ ಕೌಶಲಕ್ಕೂ ಮೊದಲು ಕೂರುವ ಭಂಗಿ ಸರಿಯಾಗಬೇಕೆಂಬುದು ಈ ಲೇಖನದ ವಾದ.

ನಮ್ಮ ಊರುಗಳಲ್ಲಿ ಸೈಕಲ್ ಕಲಿತವರು ಸಾಮಾನ್ಯವಾಗಿ ಕಾಲು ನೆಲಕ್ಕೆ ಎಟುಕುವಷ್ಟೇ ಸೀಟು ಏರಿಸುತ್ತಾರೆ. ದಟ್ಟಣೆಯ ಬೀದಿಗೆ ಅದು ಸರಿ. ನೂರು ಕಿಲೋಮೀಟರ್ ಓಟದಲ್ಲಿ ಮಾತ್ರ ಮೊಣಕಾಲಿನ ಮುಂಭಾಗದ ನೋವಿಗೆ ಅದೇ ಮೂಲ. ಸರಿಯಾದ ಎತ್ತರ ತಿಳಿಯಲು ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ದಪ್ಪ ರಟ್ಟಿನ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಟೇಪು ಹಿಡಿಯಬೇಕು. 1967ರಲ್ಲಿ ಸಂಶೋಧಕರಾದ ಹ್ಯಾಮ್ಲಿ ಮತ್ತು ಥಾಮಸ್ ಸೂಚಿಸಿದಂತೆ, ಕೆಳತುದಿಯಲ್ಲಿರುವ ಪೆಡಲಿನಿಂದ ಸೀಟಿನ ಎತ್ತರ ಈ ಅಳತೆಯ ಶೇ. 109 ಇರಬೇಕು. ಅಳತೆ 80 ಸೆಂ.ಮೀ. ಆದರೆ ಎತ್ತರ 87.2 ಸೆಂ.ಮೀ.; 17 ಸೆಂ.ಮೀ. ಕ್ರ್ಯಾಂಕಿನ ಉದ್ದ ಕಳೆದರೆ ಕ್ರ್ಯಾಂಕಿನ ಅಚ್ಚಿನಿಂದ ಸೀಟಿಗೆ 70.2 ಸೆಂ.ಮೀ. ಸೈಕಲ್ ಪಟು ಗ್ರೆಗ್ ಲೆಮಾಂಡ್ ಪ್ರಸಿದ್ಧಗೊಳಿಸಿದ, ಅಳತೆಯನ್ನು 0.883ರಿಂದ ಗುಣಿಸುವ ಲೆಕ್ಕವೂ ಸುಮಾರು ಅಷ್ಟನ್ನೇ, 70.6 ಎನ್ನುತ್ತದೆ. ಕೊನೆಯ ತೀರ್ಪು ಮಾತ್ರ ಮೊಣಕಾಲಿನದು: ಪೆಡಲು ಕೆಳಗಿರುವಾಗ ಅದು 25ರಿಂದ 35 ಡಿಗ್ರಿ ಬಾಗಿರಬೇಕು. ಹಿಂದಿನಿಂದ ನೋಡಿದಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟಿನ ಎತ್ತರ ಅತಿಯಾಯಿತೆಂದೇ ಅರ್ಥ.

ಪೆಡಲನ್ನು ಮೇಲಕ್ಕೂ ಎಳೆಯಬೇಕೆಂಬ ಬೋಧನೆ ಈಗಲೂ ಚಾಲ್ತಿಯಲ್ಲಿದೆ. 2007ರಲ್ಲಿ ಸಂಶೋಧಕ ಕಾರ್ಫ್ ಮತ್ತು ಸಂಗಡಿಗರು ಸವಾರರಿಂದ ನಾಲ್ಕು ಬಗೆಯಲ್ಲಿ ತುಳಿಸಿ ನೋಡಿದರು. ಎಳೆದು ತುಳಿದಾಗ ಬಲದ ಹಂಚಿಕೆ ಚೆನ್ನಾಗಿ ಕಂಡರೂ ದೇಹಕ್ಕೆ ತಗುಲಿದ ಶಕ್ತಿಯ ವೆಚ್ಚ ಏರಿತು. ಮೇಲೇಳುವ ಕಾಲು ತುಳಿಯುವ ಕಾಲಿಗೆ ಭಾರವಾಗದಿದ್ದರೆ ಸಾಕು. ಕಷ್ಟಪಟ್ಟು ಎಳೆಯುವ ಅಭ್ಯಾಸವನ್ನು ಬಿಡುವುದೇ ಒಳ್ಳೆಯದು.

ಬಯಲಿನ ನಿಜವಾದ ಏರು ಗಾಳಿ. ವೇಗ ಶೇ. 10ರಷ್ಟು ಹೆಚ್ಚಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಸುಮಾರು ಶೇ. 33 ಹೆಚ್ಚುತ್ತದೆ. ಮುಂಗಾರಿನ ನೈಋತ್ಯ ಗಾಳಿ ಅಹಮದಾಬಾದಿನಿಂದ ವಡೋದರಾಕ್ಕೆ ಹೋಗುವವನಿಗೆ ಬಹುಪಾಲು ಅಡ್ಡಗಾಳಿ. ವಡೋದರಾದಿಂದ ಸೂರತ್ತಿಗೆ ತಿರುಗಿದ ಮೇಲೆ ಹೆಚ್ಚುಕಡಿಮೆ ಎದುರುಗಾಳಿ. ಆಗ ಬೆನ್ನು ಗೂನು ಮಾಡದೆ ಸೊಂಟದಿಂದ ಬಾಗಿ, ಮೊಣಕೈ ಮಡಚಿ, ಹೆಗಲು ಸಡಿಲಬಿಡಬೇಕು. ಮೊಣಕೈ ಸೆಟೆದರೆ ರಸ್ತೆಯ ಕುಲುಕಾಟವೆಲ್ಲ ಅಂಗೈಗೆ ಇಳಿದು ಬೆರಳು ಜೋಮು ಹಿಡಿಯುತ್ತವೆ.

ವಿಜಯಪುರ, ಬಾಗಲಕೋಟೆಗಳ ಬಯಲಿನಿಂದಲೇ ನಮ್ಮ ರಾಜ್ಯದ ಅನೇಕ ಸೈಕ್ಲಿಸ್ಟರು ಬಂದಿದ್ದಾರೆ. ಬೆಳೆಯುವ ಮಕ್ಕಳ ಕಾಲಿನ ಅಳತೆ ವರ್ಷ ತುಂಬುವುದರೊಳಗೆ ಬದಲಾಗುತ್ತದೆ. ಅಲ್ಲಿನ ತರಬೇತುದಾರರು ಮೂರು ತಿಂಗಳಿಗೊಮ್ಮೆಯಾದರೂ ಟೇಪು ಹಿಡಿದು ಪ್ರತಿ ಮಗುವಿನ ಸೀಟನ್ನು ಮತ್ತೆ ಹೊಂದಿಸಲಿ.