ಸೂಚಿಯ ಪಾಠವೂ ಗೋಕಾವಿ ಸೀಮೆಯ ಹೆಸರುಗಳೂ

ಪುಸ್ತಕವು ಭಂಡಾರದಲ್ಲಿದ್ದೂ ಬೇಕಾದವನ ಕೈಗೆ ಸಿಗದಿದ್ದರೆ ಅದು ಇಲ್ಲದುದಕ್ಕೆ ಸಮಾನವೇ ಸರಿ. ಮನೆಯಲ್ಲಿ ಹತ್ತು ಹೊತ್ತಿಗೆಗಳಿರುವಾಗ ನೆನಪೊಂದೇ ಸಾಕಾಗುವದು. ಹತ್ತು ಸಾವಿರವಾದಾಗ ಆ ಕೆಲಸವನ್ನು ಸೂಚಿಯು ವಹಿಸಿಕೊಳ್ಳಬೇಕಾಗುವದು. ಆದರೂ ಸೂಚಿಯನ್ನು ರಚಿಸುವ ವಿದ್ಯೆಯು ಕಾರಕೂನಿಕೆಯ ಒಂದು ಕೈಗೆಲಸವೆಂದೂ, ಅಕಾರಾದಿಕ್ರಮ ಬಲ್ಲವನಿಗೆ ಬೇರೆ ಪಾಠ ಬೇಡವೆಂದೂ ಬಹುಜನರ ಭಾವನೆ. ಈ ಭಾವನೆಯು ಎಷ್ಟು ತಪ್ಪಾದುದೆಂಬುದನ್ನು ಆ ವಿದ್ಯೆಯ ಇತಿಹಾಸವೂ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಉದಾಹರಣೆಗಳೂ ತೋರಿಸಿಕೊಡುವವು.

ಭರತಖಂಡದಲ್ಲಿ ಗ್ರಂಥಾಲಯವಿದ್ಯೆಯ ತರಗತಿಯು 1911ರಲ್ಲಿ ಬಡೋದೆಯಲ್ಲಿ ಆರಂಭವಾಯಿತು. ಸಯಾಜಿರಾವ ಗಾಯಕವಾಡ ಮಹಾರಾಜರು ಅಮೇರಿಕೆಯಿಂದ ಕರೆಯಿಸಿಕೊಂಡಿದ್ದ ಬೋರ್ಡನ್ನರು ಸಂಸ್ಥಾನದ ಗ್ರಂಥಾಲಯಗಳನ್ನು ಕಟ್ಟುತ್ತಲೇ ಆ ಪಾಠವನ್ನು ಹೇಳಿದರು. 1915ರಲ್ಲಿ ಲಾಹೋರದ ಪಂಜಾಬ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಡಿಕಿನ್ಸನ್ನರು ಅಲ್ಲಿ ಇಂಥದೇ ತರಗತಿಯನ್ನು ತೆರೆದರು. ದಕ್ಷಿಣದಲ್ಲಿ ಈ ಕಾರ್ಯವನ್ನು ಕೈಕೊಂಡವರು ಶಿಯಾಳಿ ರಾಮಾಮೃತ ರಂಗನಾಥನ್ನರು. ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಲಂಡನ್ನಿಗೆ ಹೋಗಿ ಆ ವಿದ್ಯೆಯನ್ನು ಕಲಿತು ಬಂದರು. 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಗೆಯ ತರಗತಿಯನ್ನು ಆರಂಭಿಸಿದರು. 1931ರಲ್ಲಿ ವಿಶ್ವವಿದ್ಯಾಲಯವು ಅದನ್ನು ತನ್ನದಾಗಿ ಮಾಡಿಕೊಂಡಿತು; 1937ರಲ್ಲಿ ಅದು ಪದವೀಧರರಿಗಾಗಿ ಒಂದು ವರ್ಷದ ಡಿಪ್ಲೊಮಾ ಆಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿರುವದು. ಈ ಮೂವರೂ ಬರಿಯ ಉಪಾಧ್ಯಾಯರಾಗಿರಲಿಲ್ಲ. ಗ್ರಂಥಾಲಯದ ಭಾರವನ್ನು ಹೊತ್ತುಕೊಂಡೇ ಪಾಠ ಹೇಳಿದವರು. ಇದು ಕೊರತೆಯಲ್ಲ, ಆ ಶಿಕ್ಷಣದ ಬಲ. ಓದುಗನು ಯಾವ ಮಾತಿನಿಂದ ಪುಸ್ತಕವನ್ನು ಕೇಳುವನೆಂಬುದನ್ನು ದಿನವೂ ಕಿವಿಯಾರೆ ಕೇಳಿದವನಲ್ಲದೆ ಬೇರಾರು ಕಲಿಸಬಲ್ಲರು?

ಓದುಗರು ಕೇಳುವ ರೀತಿ ನಾನಾ ಬಗೆಯದು. ಅದಕ್ಕಾಗಿಯೇ ರಂಗನಾಥನ್ನರು ಸರಪಳಿ ಪದ್ಧತಿಯನ್ನು ಯೋಜಿಸಿದರು. ಘಟಪ್ರಭೆಯ ಜಲಪಾತದ ಬಳಿ 19ನೆಯ ಶತಮಾನದ ಕೊನೆಗೆ ಎದ್ದ ನೂಲಿನ ಗಿರಣಿಯ ಮೇಲೆ ಒಂದು ಪುಸ್ತಕವಿರುವದೆಂದು ಭಾವಿಸೋಣ. ವರ್ಗೀಕರಣದಲ್ಲಿ ಅದರ ವಿಷಯವು ಉದ್ಯೋಗ, ನೂಲು, ಬೆಳಗಾವಿ ಜಿಲ್ಲೆ, ಗೋಕಾಕ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವದು. ಸೂಚಿಕಾರನು ಈ ಸರಪಳಿಯನ್ನು ಕೊನೆಯ ಕೊಂಡಿಯಿಂದ ಹಿಡಿದು ಮೇಲಕ್ಕೇರಬೇಕು: ‘ಗೋಕಾಕ, ಬೆಳಗಾವಿ ಜಿಲ್ಲೆ, ನೂಲು’ ಎಂದೊಂದು ಕಾರ್ಡು, ‘ಬೆಳಗಾವಿ ಜಿಲ್ಲೆ, ನೂಲು’ ಎಂದಿನ್ನೊಂದು, ‘ನೂಲು, ಉದ್ಯೋಗ’ ಎಂದು ಮತ್ತೊಂದು. ಊರಿನ ಹೆಸರು ಹಿಡಿದು ಬಂದವನಿಗೂ ಕಸುಬಿನ ಹೆಸರು ಹಿಡಿದು ಬಂದವನಿಗೂ ದಾರಿಯು ತೆರೆದಿರುವದು. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿಯು ಈ ಪದ್ಧತಿಯನ್ನೇ ಎತ್ತಿಕೊಂಡು ಎರಡು ದಶಕಗಳ ಕಾಲ ನಡೆಸಿತೆಂಬುದು ಹೆಮ್ಮೆಯ ಮಾತು.

ಆದರೆ ಪದ್ಧತಿಯೊಂದನ್ನೇ ಕಲಿತರೆ ಸಾಲದು, ನಾಡನ್ನೂ ಅರಿತಿರಬೇಕು. ‘ಗೋಕಾಕ’ ಎಂಬ ಒಂದು ಶಬ್ದವನ್ನೇ ತೆಗೆದುಕೊಳ್ಳಬಹುದು. ಅದು ಊರು, ಅದು ಜಲಪಾತ, ಅದು ಕವಿ ವಿನಾಯಕ ಕೃಷ್ಣ ಗೋಕಾಕರ ಅಡ್ಡಹೆಸರು. ಆ ಕವಿಗಳು 1909ರಲ್ಲಿ ಹುಟ್ಟಿದುದು ಸವಣೂರಿನಲ್ಲಿ. ಅವರನ್ನು ಗೋಕಾಕದ ಲೇಖಕರ ಸಾಲಿಗೆ ಸೇರಿಸಿದ ಸೂಚಿಕಾರನು ಎಡವಿದಂತೆಯೇ. ಅವರ ಅಧ್ಯಕ್ಷತೆಯ ಸಮಿತಿಯು 1981ರಲ್ಲಿ ಒಪ್ಪಿಸಿದ ಭಾಷಾವರದಿಗೂ, 1982ರ ಕನ್ನಡ ಚಳವಳಿಗೂ ಇದೇ ಹೆಸರು ಅಂಟಿಕೊಂಡಿತು. ‘ಗೋಕಾವಿ’ ಎಂದು ಕೇಳಿ ಬಂದವನನ್ನು ‘ಗೋಕಾಕ ನೋಡಿರಿ’ ಎಂದು ಕೈಹಿಡಿದು ನಡೆಸಬೇಕು. ದೆಜ್ಜ ಮಹಾರಾಜನ ಹೆಸರು ಬರುವ ಗೋಕಾಕದ ತಾಮ್ರಪಟವನ್ನು ಊರಿನ ಹೆಸರಿನಲ್ಲಷ್ಟೇ ಬರೆದಿಟ್ಟರೆ ರಾಷ್ಟ್ರಕೂಟರನ್ನು ಅರಸುವ ವಿದ್ಯಾರ್ಥಿಯು ಬರಿಗೈಯಿಂದ ಮರಳುವನು.

ಬೆಟಗೇರಿ ಕೃಷ್ಣಶರ್ಮರ ಸಂಗತಿಯು ಇನ್ನೂ ಸೂಕ್ಷ್ಮವಾದುದು. 1900ರಲ್ಲಿ ಗೋಕಾಕ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿ ‘ಜಯಂತಿ’ ಪತ್ರಿಕೆಯನ್ನು ನಡೆಸಿದ ಇವರು ‘ಆನಂದಕಂದ’ ಎಂಬ ಕಾವ್ಯನಾಮದಿಂದ ಮನೆಮಾತಾದವರು. ಎರಡು ಹೆಸರುಗಳನ್ನು ಕೂಡಿಸದಿದ್ದರೆ ಒಬ್ಬರೇ ಇಬ್ಬರಾಗುವರು. ಗದಗಿನ ಮಗ್ಗುಲಲ್ಲಿಯ ಬೆಟಗೇರಿಯನ್ನು ಬೇರ್ಪಡಿಸದಿದ್ದರೆ ಎರಡೂರು ಒಂದಾಗುವವು.

ರಾಜ್ಯದ ಎಲ್ಲೆಗಳು ಬದಲಾದಾಗ ಸೂಚಿಯೂ ಅದನ್ನು ನೆನಪಿಟ್ಟುಕೊಳ್ಳಬೇಕು. ಮೂಡಲಗಿಯು ಪ್ರತ್ಯೇಕ ತಾಲೂಕಾದುದು 2018ರಲ್ಲಿ. ಅದಕ್ಕೂ ಹಿಂದಿನ ಗ್ರಂಥಗಳಲ್ಲಿ ಅದರ ವೃತ್ತಾಂತವನ್ನು ಗೋಕಾಕ ತಾಲೂಕಿನೊಳಗೇ ಹುಡುಕಬೇಕು. ಹುಕ್ಕೇರಿಯ ಗುಮ್ಮಟಗಳನ್ನು ಕುರಿತು ಓದಬಯಸುವವನು 1884ರ ಬೆಳಗಾವಿ ಗ್ಯಾಝೆಟಿಯರನ್ನು ಮುಂಬಯಿ ಇಲಾಖೆಯ ಪುಸ್ತಕಗಳಲ್ಲಿ ಅರಸಬೇಕು; 1956ರ ತರುವಾಯದ ಬರಹಗಳನ್ನು ಮೈಸೂರು ರಾಜ್ಯದವುಗಳಲ್ಲಿಯೂ, 1973ರಿಂದೀಚೆಗಿನವನ್ನು ಕರ್ನಾಟಕದವುಗಳಲ್ಲಿಯೂ ಕಾಣಬೇಕು. ಊರು ಮಾತ್ರ ಇದ್ದಲ್ಲಿಯೇ ಇರುವದು!

ರಂಗನಾಥನ್ನರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಈ ವಿದ್ಯೆಯ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ನೆಲೆಗೊಳಿಸಿದರು. 1965ರಲ್ಲಿ ನಾಡಿಗೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಬಂದಿತು. ಇಂದು ಕಾರ್ಡುಗಳ ಸ್ಥಾನವನ್ನು ಗಣಕಯಂತ್ರವು ಹಿಡಿದಿರುವದು. ಯಂತ್ರವು ಅಕ್ಷರಗಳನ್ನು ನಿಮಿಷಾರ್ಧದಲ್ಲಿ ಹೊಂದಿಸಬಲ್ಲದು. ಆದರೆ ಆನಂದಕಂದರೇ ಕೃಷ್ಣಶರ್ಮರೆಂಬುದನ್ನು ಅದಕ್ಕೆ ಮೊದಲು ಯಾರಾದರೂ ತಿಳಿಸಿಕೊಡಲೇಬೇಕು. ಸಂಜೆಯ ತರಗತಿಗೆ ಬಂದು ಕುಳಿತ ವಿದ್ಯಾರ್ಥಿಗೆ ಹೇಳಬೇಕಾದ ಮೊದಲ ಪಾಠವು ಇದೇ: ತನ್ನ ತಾಲೂಕಿನ ಊರು, ಹೊಳೆ, ಮಠ, ಲೇಖಕರ ಹೆಸರುಗಳನ್ನೂ ಅವುಗಳ ಹಳೆಯ ರೂಪಗಳನ್ನೂ ಬರೆದಿಡುವದು. ಆ ಪಟ್ಟಿಯು ಸಿದ್ಧವಾಗದಿರುವವರೆಗೆ ಈ ಸೀಮೆಯ ಎಷ್ಟೋ ಪುಸ್ತಕಗಳು ಕಪಾಟಿನಲ್ಲಿದ್ದೂ ಕಳೆದುಹೋದಂತೆಯೇ ಸರಿ.