ಬಳ್ಳಾರಿ ಸೀಮೆಯ ದಾರಿಗಳು: ತೆತ್ತವರು ಮತ್ತು ನಡೆದವರು

ರಸ್ತೆಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಇಂಜಿನಿಯರುಗಳನ್ನೂ ವಾಹನಗಳನ್ನೂ ಕುರಿತೇ ಬರೆದಿದ್ದಾರೆ. ಬಳ್ಳಾರಿ ಜಿಲ್ಲೆಗೆ ಸಂಬಂಧಿಸಿದಂತೆ 1872ರ ಕೆಲ್ಸಾಲನ ಕೈಪಿಡಿಯೂ 1904ರ ಫ್ರಾನ್ಸಿಸನ ಗೆಜೆಟಿಯರೂ ಇಂದಿಗೂ ನಮಗೆ ಆಧಾರ ಗ್ರಂಥಗಳು. ಆದರೆ ರಸ್ತೆಗೆ ಹಣ ತೆತ್ತವರು ಯಾರು, ಕಾಲ್ನಡೆಯಲ್ಲಿ ಹೋಗುವವನಿಗೆ ಆ ಹಣದಿಂದ ಏನು ದಕ್ಕಿತು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಈ ಮೂರು ಎಡೆಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸುವುದಾದರೆ, ಈ ಸೀಮೆಯ ಪಾದಚಾರಿಯಾಗಲಿ ಬೈಸಿಕಲ್ ಸವಾರನಾಗಲಿ ರಸ್ತೆಗಾಗಿ ಏನನ್ನೂ ತೆರದೆ ಉಳಿದುದಿಲ್ಲ. ಆದರೆ 1930ರ ಆಸುಪಾಸಿನಿಂದ ಈಚೆಗೆ ಅವರು ಖರ್ಚಿನ ಪುಟದಿಂದ ಮರೆಯಾಗುತ್ತ ಬಂದರು.

ಪ್ರಾಚೀನ ಕಾಲವನ್ನು ಕುರಿತು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರಿಗೆ ಕುರುಗೋಡು ರಾಜಧಾನಿಯಾಗಿದ್ದಿತು. ಆ ಕಾಲದ ಕನ್ನಡ ಶಾಸನಗಳಲ್ಲಿ ಹೊಲದ ಎಲ್ಲೆಯನ್ನು ಹೇಳುವಾಗ ಹೆಬ್ಬಟ್ಟೆಯ ಉಲ್ಲೇಖ ಬರುವುದುಂಟು. ಹೇರಿಗೆ ಇಷ್ಟು, ಹೊರೆಗೆ ಇಷ್ಟು ಎಂದು ಸುಂಕವನ್ನು ಧರ್ಮಕ್ಕೆ ಬಿಟ್ಟ ವಿವರಗಳೂ ದಾರಿಹೋಕರಿಗಾಗಿ ಅರವಟ್ಟಿಗೆಗೆ ದತ್ತಿ ಕೊಟ್ಟ ವಿವರಗಳೂ ದೊರೆಯುತ್ತವೆ. ನಡೆಯುವವನು ತೆರುತ್ತಿದ್ದನು, ನಡೆಯುವವನಿಗೆ ನೆರಳು ನೀರು ಕಲ್ಪಿಸುವುದು ಪುಣ್ಯಕಾರ್ಯವೆನಿಸಿದ್ದಿತು ಎಂಬಷ್ಟನ್ನು ಗಮನಿಸಿ ಮುಂದುವರಿಯೋಣ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. 1807ರವರೆಗೆ ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರನಾಗಿದ್ದನು. ಅವನ ಕಂದಾಯದ ವ್ಯವಸ್ಥೆಯ ಮೇಲೆ ಬರೆದ ಗ್ರಂಥಗಳಿಗೆ ಕೊರತೆಯಿಲ್ಲ. ದಾರಿಗಳ ವಿಷಯದಲ್ಲಿ ಮಾತ್ರ ನೆಲದ ಗುಣವೇ ಬಹುಕಾಲ ಅಧಿಕಾರ ನಡೆಸಿತು. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹರಡಿರುವುದು ಬಹುತೇಕ ಎರೆ ಭೂಮಿ. ಬೇಸಗೆಯಲ್ಲಿ ಬಿರುಕುಬಿಟ್ಟ ಆ ನೆಲದ ಮೇಲೆ ಬಂಡಿ ಎಲ್ಲಿ ಬೇಕಾದರೂ ಹರಿಯುತ್ತದೆ. ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿದ ಮಣ್ಣು ಬಂಡಿಯನ್ನು ನಿಲ್ಲಿಸಿಬಿಡುತ್ತದೆ, ನಡೆಯುವವನ ಕಾಲೂ ಹೂತುಹೋಗುತ್ತದೆ. ಗಟ್ಟಿ ರಸ್ತೆ ಬೇಕೆಂದರೆ ಗುಡ್ಡದ ಕಡೆಯಿಂದ ಗರಸನ್ನೂ ಜಲ್ಲಿಯನ್ನೂ ಹೇರಿ ತರಬೇಕು. ಆದುದರಿಂದ ಇಲ್ಲಿ ಒಂದು ಮೈಲಿ ರಸ್ತೆಗೆ ತಗಲುವ ವೆಚ್ಚ ಕೆಮ್ಮಣ್ಣಿನ ಸೀಮೆಗಿಂತ ಹೆಚ್ಚು. ಇಷ್ಟು ಹಣವನ್ನು ಯಾರು ಕೊಡಬೇಕು?

ಮದರಾಸು ಸರ್ಕಾರ ಇದಕ್ಕೆ ಕೊಟ್ಟ ಉತ್ತರ ಸೆಸ್ಸು. 1866ರ ರಸ್ತೆ ಸೆಸ್ಸಿನ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ 1871ರ ಲೋಕಲ್ ಫಂಡ್ ಕಾಯಿದೆಯೂ ಭೂಮಿಯ ಮೇಲೆ ಹೊಸ ಪಟ್ಟಿಯನ್ನು ಹೇರಿದವು. 1871ರ ಕಾಯಿದೆಯಂತೆ ಅದು ರೂಪಾಯಿಗೆ ಒಂದಾಣೆಯವರೆಗೆ ಇರಬಹುದಾಗಿದ್ದಿತು. ಎಂದರೆ ಹದಿನಾರು ರೂಪಾಯಿ ಕಂದಾಯಕ್ಕೆ ಒಂದು ರೂಪಾಯಿ. 1884ರ ಕಾಯಿದೆಯಿಂದ ಡಿಸ್ಟ್ರಿಕ್ಟ್ ಬೋರ್ಡುಗಳೂ ತಾಲ್ಲೂಕು ಬೋರ್ಡುಗಳೂ ಏರ್ಪಟ್ಟವು. ಸಿರುಗುಪ್ಪದ ರೈತನಿಗೆ ಸ್ವಂತ ಬಂಡಿಯಿರಲಿ ಇಲ್ಲದಿರಲಿ, ಪಟ್ಟಿ ತಪ್ಪುತ್ತಿರಲಿಲ್ಲ. ಇದರಲ್ಲಿ ಒಂದು ನ್ಯಾಯವೂ ಇದ್ದಿತೆಂದು ಒಪ್ಪಬೇಕು. ಆ ಹಣದಲ್ಲಿ ಬೋರ್ಡುಗಳು ಜಲ್ಲಿಯನ್ನಷ್ಟೇ ಹಾಸಲಿಲ್ಲ. ಸಾಲುಮರ ನೆಡಿಸಿದವು, ಛತ್ರಗಳನ್ನೂ ಬಾವಿಗಳನ್ನೂ ನೋಡಿಕೊಂಡವು. ಬಿಸಿಲಿಗೆ ಹೆಸರಾದ ಬಳ್ಳಾರಿಯಲ್ಲಿ ನೆರಳೆಂಬುದು ಪಾದಚಾರಿಗೆ ಸೇತುವೆಯಷ್ಟೇ ಮುಖ್ಯ. ಸಾಲುಮರದ ಹುಣಿಸೆಹಣ್ಣನ್ನು ಹರಾಜು ಹಾಕಿ ಬಂದ ಹಣವೂ ಬೋರ್ಡಿನ ಲೆಕ್ಕಕ್ಕೆ ಸೇರುತ್ತಿತ್ತೆಂಬುದು ಸ್ವಾರಸ್ಯವಾದ ಸಂಗತಿ.

ಸೆಸ್ಸಿಗಿಂತ ಘೋರವಾದ ಇನ್ನೊಂದು ತೆರಿಗೆಯನ್ನು ಇಲ್ಲಿ ಹೇಳಲೇಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಅತ್ಯಂತ ಪೀಡಿತ ಜಿಲ್ಲೆಗಳಲ್ಲೊಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಇಲ್ಲಿಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲಿನಷ್ಟು ಕುಗ್ಗಿತು. ಹಸಿದವರಿಗೆ ಕೂಲಿ ಕೊಟ್ಟು ಮಾಡಿಸಿದ ಪರಿಹಾರ ಕಾಮಗಾರಿಗಳಲ್ಲಿ ರಸ್ತೆ ಕೆಲಸವೂ ಒಂದು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ಲನು ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯಕ್ಕೂ ಅಲ್ಪ ಕಾಸಿಗೂ ಇಳಿಸಿದನು. ಅಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದನು. ಅದೇ ವರ್ಷ ಕೂಲಿಯನ್ನು ಹೆಚ್ಚಿಸಬೇಕಾಯಿತು. ಕಲ್ಲು ಒಡೆದವರೂ ಮಣ್ಣು ಹೊತ್ತವರೂ ಆ ಕೆಲಸದ ಸ್ಥಳಕ್ಕೆ ನಡೆದೇ ಬಂದವರು. ಸೆಸ್ಸು ತೆರಲು ಅವರಲ್ಲಿ ಹಣವಿರಲಿಲ್ಲ, ದೇಹವನ್ನು ತೆತ್ತರು. ಈ ವೆಚ್ಚವನ್ನು ಯಾವ ಶೀರ್ಷಿಕೆಯಲ್ಲಿ ಬರೆಯಬೇಕೋ ನಾವರಿಯೆವು. ಸರ್ಕಾರ ಅದನ್ನು ಕ್ಷಾಮಪರಿಹಾರವೆಂದು ಬರೆಯಿತು.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1920ರ ಮದರಾಸು ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆಯಲ್ಲಿ ತೆರಿಗೆಗೊಳಪಟ್ಟ ಗಾಡಿಯ ವ್ಯಾಖ್ಯೆಯೊಂದಿದೆ. ಅದರಲ್ಲಿ ಬೈಸಿಕಲ್ಲು, ಮೂರು ಚಕ್ರದ ಸೈಕಲ್ಲು, ರಿಕ್ಷಾ, ಪಲ್ಲಕ್ಕಿ ಇವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಮೋಟಾರು ಮಾತ್ರ ಹೊರಗೆ. ಪಲ್ಲಕ್ಕಿಯಲ್ಲಿ ಹೋಗುವವನ ಸಾಲಿಗೆ ಸೈಕಲ್ ತುಳಿಯುವವನನ್ನು ಸೇರಿಸಿದ ಕಾಯಿದೆಯ ಔದಾರ್ಯವನ್ನು ಮೆಚ್ಚಬೇಕು! ಸೈಕಲ್ಲಿಗೆ ತೆರಿಗೆ ಕಟ್ಟಿ ಲೋಹದ ಬಿಲ್ಲೆಯನ್ನು ತಗುಲಿಸಿಕೊಂಡು ಓಡಾಡುತ್ತಿದ್ದುದನ್ನು ನಮ್ಮ ನಾಡಿನ ಅನೇಕ ಊರುಗಳ ಹಿರಿಯರು ನೆನೆಯುತ್ತಾರೆ. ಇದು ನಮ್ಮಲ್ಲಿಗೆ ಮಾತ್ರ ಮೀಸಲಾದುದಲ್ಲ. ಹಾಲೆಂಡಿನಲ್ಲಿಯೂ 1924ರಿಂದ 1941ರವರೆಗೆ ಸೈಕಲ್ ತೆರಿಗೆಯಿದ್ದಿತು, ಬಿಲ್ಲೆಯೂ ಇದ್ದಿತು. ಆ ಹಣ ಅಲ್ಲಿಯ ರಸ್ತೆ ನಿಧಿಗೂ ಹೋಗುತ್ತಿದ್ದಿತು.

ಇದೇ ಹೊತ್ತಿಗೆ ರಸ್ತೆಯ ಹಣದ ಮೂಲವೇ ಬದಲಾಯಿತು. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚಿನ ಸುಂಕ ಹಾಕಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಲಾಯಿತು. 1931ರ ಮದರಾಸು ಮೋಟಾರು ವಾಹನ ತೆರಿಗೆಯ ಕಾಯಿದೆ ಹಳೆಯ ಸುಂಕದ ಕಟ್ಟೆಗಳನ್ನು ತೆಗೆದುಹಾಕಿ, ಅವುಗಳಿಂದ ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದ್ದ ಆದಾಯಕ್ಕೆ ಪ್ರತಿಯಾಗಿ ಮೋಟಾರು ತೆರಿಗೆಯ ಪಾಲನ್ನು ಕೊಟ್ಟಿತು. ಬಂಡಿಯವನಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಡನೆ ಒಂದು ಭಾವನೆಯೂ ಬೇರೂರಿತು: ರಸ್ತೆಗೆ ತೆರುವವನು ಮೋಟಾರಿನವನು, ಆದುದರಿಂದ ರಸ್ತೆ ಮೋಟಾರಿಗೆ ತಕ್ಕಂತಿರಬೇಕು. ಭೂಮಿಯ ಸೆಸ್ಸು ಮುಂದುವರಿದಿದ್ದಿತು, ಸೈಕಲ್ಲಿನ ತೆರಿಗೆಯೂ ಮುಂದುವರಿದಿದ್ದಿತು. ಆದರೂ ಪಾದಚಾರಿ ಬಿಟ್ಟಿ ಬಂದ ಅತಿಥಿಯಾದನು. ಈ ತಿರುವು ನಮ್ಮ ಇತಿಹಾಸಕಾರರ ಗಮನಕ್ಕೆ ಸಾಕಷ್ಟು ಬಂದಿಲ್ಲವೆಂದೇ ನಮ್ಮ ಭಾವನೆ.

1953ರ ಅಕ್ಟೋಬರ್ 1ರಂದು ಬಳ್ಳಾರಿಯೂ ಸಿರುಗುಪ್ಪವೂ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ತುಂಗಭದ್ರೆಯ ಕಾಲುವೆಗಳು ಸಿರುಗುಪ್ಪದ ಎರೆ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿದ ಮೇಲೆ ನಾಟಿಗೂ ಕೊಯ್ಲಿಗೂ ಕೂಲಿಯವರ ಓಡಾಟ ಹೆಚ್ಚಿತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿ ಈಗ ಜೇವರ್ಗಿಯಿಂದ ಚಾಮರಾಜನಗರಕ್ಕೆ ಸಾಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗ. ಕುರುಗೋಡಿನ ದಾರಿಗೆ ಆ ಅಂತಸ್ತು ಇಲ್ಲ. ಸೈಕಲ್ ಪಥಗಳನ್ನು ಕುರಿತ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮೊದಲ ನಿಯಮಾವಳಿ 1962ರಷ್ಟು ಹಿಂದೆಯೇ ಪ್ರಕಟವಾಯಿತು. ದಟ್ಟಣೆಯ ಒಂದು ಗಂಟೆಯಲ್ಲಿ 400 ಸೈಕಲ್ಲುಗಳೂ ಅವುಗಳೊಡನೆ ನೂರಕ್ಕೆ ಮೇಲ್ಪಟ್ಟ ಮೋಟಾರುಗಳೂ ಹಾಯುವಲ್ಲಿ ಪ್ರತ್ಯೇಕ ಪಥವನ್ನು ಕಲ್ಪಿಸಬಹುದೆಂದು ಅದು ಹೇಳಿತು. ಎಣಿಸುವವರಿದ್ದರೆ ತಾನೆ ಸಂಖ್ಯೆ ಮುಟ್ಟುವುದು? ಲಾರಿಗೆ ಹೆದರಿ ಸೈಕಲ್ಲನ್ನು ಮನೆಯಲ್ಲಿ ಬಿಟ್ಟವನು ಯಾವ ಎಣಿಕೆಗೂ ಸಿಕ್ಕುವುದಿಲ್ಲ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಿಂದ ಸ್ಥಿತಿ ಬದಲಾಗಬೇಕಾಗಿದ್ದಿತು. ಚಲಿಸಬೇಕಾದವರು ಜನರು, ವಾಹನಗಳಲ್ಲ ಎಂಬುದೇ ಅದರ ತತ್ತ್ವ. ಆದರೆ ಆಗಿನ ನೆಹರೂ ನಗರ ನವೀಕರಣ ಯೋಜನೆಯ ಪ್ರಮುಖ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಮೈಸೂರು ಎರಡೇ ಇದ್ದವು. 2015ರಲ್ಲಿ ಬಂದ ಅಮೃತ್ ಯೋಜನೆಯಲ್ಲಿ ಪಾದಚಾರಿ ಮಾರ್ಗಕ್ಕೂ ಸೈಕಲ್ಲಿಗೂ ಒಂದು ಅಂಗವಿದ್ದಿತು, ಬಳ್ಳಾರಿಗೂ ಸ್ಥಾನ ದೊರೆಯಿತು; ಆದರೆ ಪ್ರಥಮ ಪ್ರಾಶಸ್ತ್ಯ ಕುಡಿಯುವ ನೀರಿಗೆ, ಅನಂತರ ಒಳಚರಂಡಿಗೆ. ಲಕ್ಷದೊಳಗಿನ ಜನಸಂಖ್ಯೆಯ ಸಿರುಗುಪ್ಪ, ಕುರುಗೋಡುಗಳಿಗೆ ಪ್ರವೇಶವೇ ಇರಲಿಲ್ಲ. 2021ರ ಎರಡನೆಯ ಅಮೃತ್ ಯೋಜನೆ ಸಣ್ಣ ಊರುಗಳಿಗೂ ಬಾಗಿಲು ತೆರೆಯಿತು. ಆ ವೇಳೆಗೆ ಸಾರಿಗೆಯ ಅಂಗವನ್ನೇ ಕೈಬಿಡಲಾಗಿದ್ದಿತು. ಪಂಕ್ತಿಗೆ ಕರೆದಾಗ ಎಲೆ ಎತ್ತಿದ್ದರು ಎಂಬಂತಾಯಿತು. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಸೈಕಲ್ಲಿನ ಹಣ ಶಿಕ್ಷಣ ಇಲಾಖೆಯದು. ಆ ಸೈಕಲ್ಲು ಹರಿಯಬೇಕಾದ ದಾರಿಯನ್ನು ಕುರಿತು ಯೋಚಿಸುವುದು ಅದರ ಕೆಲಸವಾಗಿರಲಿಲ್ಲ.

ಈಗ ಬಳ್ಳಾರಿಗೆ ಹಣದ ಕೊರತೆಯಿದೆಯೆಂದು ಹೇಳುವಂತಿಲ್ಲ. ಅದಿರಿನ ಲಾರಿಗಳು ವರ್ಷಾನುಗಟ್ಟಲೆ ರಸ್ತೆಗಳನ್ನು ಹಾಳುಗೆಡವಿ ದಾರಿಯುದ್ದಕ್ಕೂ ಕೆಂಧೂಳನ್ನು ಎರಚಿದವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25,000 ಕೋಟಿ ರೂಪಾಯಿಗಳ ಯೋಜನೆ ಸಿದ್ಧವಾಗಿದ್ದು, ಅದರ ಮೇಲ್ವಿಚಾರಣೆಗೆ 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರು ನೇಮಕಗೊಂಡರು. ಇದಲ್ಲದೆ 2015ರ ತಿದ್ದುಪಡಿಯಂತೆ ಏರ್ಪಟ್ಟ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಜಧನದ ಮೇಲೆ ಹಳೆಯ ಗುತ್ತಿಗೆಗಳಿಂದ ನೂರಕ್ಕೆ ಮೂವತ್ತರಷ್ಟೂ ಹರಾಜಿನ ಗುತ್ತಿಗೆಗಳಿಂದ ಹತ್ತರಷ್ಟೂ ಸಲ್ಲಬೇಕು. ಈ ಹಣವನ್ನು ಗಣಿಯಿಂದ ಇರುವ ದೂರವನ್ನು ನೋಡಿ ಹಂಚುವುದರಿಂದ ಸಂಡೂರಿನ ಗುಡ್ಡಗಳಿಗೆ ದೂರವಾದ ಸಿರುಗುಪ್ಪ ಹಿಂದೆ ಬೀಳುತ್ತದೆ. ಅದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೇ ಹೆಚ್ಚಿನ ಆಸರೆ.

ಪ್ರತಿಷ್ಠಾನದ ವೆಚ್ಚಕ್ಕೆ ಕೇಂದ್ರ ಸರ್ಕಾರ ಎರಡು ಪಟ್ಟಿಗಳನ್ನು ಮಾಡಿದೆ. 2015ರ ನಿಯಮದಂತೆ ಕನಿಷ್ಠ ನೂರಕ್ಕೆ ಅರುವತ್ತರಷ್ಟು ಮೊದಲ ಪಟ್ಟಿಗೆ, ಅಂದರೆ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರು, ಮಕ್ಕಳು, ವೃದ್ಧರು, ಅಂಗವಿಕಲರು ಮೊದಲಾದ ಬಾಬುಗಳಿಗೆ. ಉಳಿದುದು ಎರಡನೆಯ ಪಟ್ಟಿಗೆ. 2024ರ ನಿಯಮದಲ್ಲಿ ಮೊದಲ ಪಟ್ಟಿಯ ಪಾಲು ನೂರಕ್ಕೆ ಎಪ್ಪತ್ತಾಯಿತು. ನೋಡುವುದಕ್ಕೆ ಇದು ಸರಿಯಾದ ಕ್ರಮವೇ. ಆದರೆ 2015ರ ಪಟ್ಟಿಗಳನ್ನು ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಪಟ್ಟಿಯಲ್ಲಿ ಶಿಕ್ಷಣದ ಬಾಬಿನ ಕೆಳಗೆ ಶಾಲಾ ಮಕ್ಕಳ ಓಡಾಟಕ್ಕೆಂದು ಬಸ್ಸು, ವ್ಯಾನು, ರಿಕ್ಷಾಗಳ ಜೊತೆಗೆ ಸೈಕಲ್ಲನ್ನು ಹೆಸರಿಸಿದೆ. ಆ ಸೈಕಲ್ಲು ಹೋಗಬೇಕಾದ ದಾರಿ ಇರುವುದು ಎರಡನೆಯ ಪಟ್ಟಿಯಲ್ಲಿ, ಸೇತುವೆ, ರೈಲು, ಜಲಮಾರ್ಗಗಳ ನಡುವೆ.