ಕೊಟ್ಟವರಿಗೊಂದು ಕಲ್ಲು

ನಮ್ಮ ನಾಡಿನ ಹಳೆಯ ಊರುಗಳಲ್ಲಿ ಗುಡಿಯ ಪಕ್ಕದಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ವೀರಗಲ್ಲನ್ನು ಕಾಣದವರು ವಿರಳ. ಕಳ್ಳರು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಲು ಹೋಗಿಯೋ, ಊರನ್ನು ಕಾಯಲು ನಿಂತೋ ಮಡಿದವನ ನೆನಪಿಗೆ ಉಳಿದವರು ನೆಟ್ಟ ಕಲ್ಲು ಅದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕಲ್ಲು ನೆಟ್ಟ ಮಾತ್ರಕ್ಕೆ ಊರಿನ ಹೊಣೆ ತೀರುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುವುದೂ ಉಂಟು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇವುಗಳಲ್ಲೆಲ್ಲ ವಿಶಿಷ್ಟವಾದುದು. ಕ್ರಿ.ಶ. 949-50ರ ಈ ಶಾಸನವು ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂಗತಿಯನ್ನು ಹೇಳುತ್ತದೆ. ಆದರೆ ಕಲ್ಲು ನಿಂತದ್ದು ದೊರೆಗಾಗಿ ಅಲ್ಲ. ಆ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನು ಮೆಚ್ಚುಗೆಯ ಕೊಡುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಮುಂದೆ ಅದು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತಿತು. ಕಲ್ಲು ಆ ನಾಯಿಗೆ. ಅದರ ಪೂಜೆಗೆ ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಗೊರವನು ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಕಟ್ಟಳೆ ಮಾಡಿದರು. ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಒಂದು ನಾಯಿಯ ಹೆಸರನ್ನೂ ಸಾವಿರ ವರ್ಷ ಉಳಿಸಿದ ನಾಡು ಇದು. ಹಾಗಿರಲು, ತಾವು ಕಣ್ಣು ಮುಚ್ಚಿದ ಮೇಲೆ ತಮ್ಮ ಅಂಗಗಳಿಂದ ಅನ್ಯರನ್ನು ಬದುಕಿಸಿದವರಿಗೆ ನಾವು ನೆಟ್ಟ ಕಲ್ಲು ಯಾವುದು?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ನಡೆದದ್ದು 1967ರ ಡಿಸೆಂಬರ್ 3ರಂದು, ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ. ಶಸ್ತ್ರವೈದ್ಯ ಕ್ರಿಶ್ಚಿಯನ್ ಬರ್ನಾರ್ಡನ ಹೆಸರು ಕೆಲವೇ ದಿನಗಳಲ್ಲಿ ಜಗತ್ತಿನಲ್ಲೆಲ್ಲ ಹರಡಿತು. ಹೃದಯ ಕೊಟ್ಟವಳು ಯಾರು? ಡೆನಿಸ್ ಡಾರ್ವಲ್ ಎಂಬ ಇಪ್ಪತ್ತೈದರ ತರುಣಿ. ಹಿಂದಿನ ದಿನ ತಾಯಿಯೊಡನೆ ಕೇಕ್ ಕೊಳ್ಳಲು ಹೋಗಿದ್ದಾಗ ರಸ್ತೆಯಲ್ಲಿ ಕಾರು ಬಡಿಯಿತು. ತಾಯಿ ಅಲ್ಲೇ ತೀರಿಕೊಂಡಳು. ಮಗಳ ಮಿದುಳಿಗೆ ಬಿದ್ದ ಪೆಟ್ಟು ಗುಣವಾಗುವಂಥದಾಗಿರಲಿಲ್ಲ. ಒಂದೇ ಸಂಜೆ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ತಂದೆ ಎಡ್ವರ್ಡ್ ಡಾರ್ವಲ್, ವೈದ್ಯರು ಕೇಳಿದಾಗ ನಾಲ್ಕೇ ನಿಮಿಷಗಳಲ್ಲಿ ಒಪ್ಪಿಗೆಯಿತ್ತನೆಂದು ಹೇಳುತ್ತಾರೆ. ಹೃದಯ ಪಡೆದ ಲೂಯಿ ವಾಷ್ಕಾನ್ಸ್ಕಿ ಬದುಕಿದ್ದು ಹದಿನೆಂಟು ದಿನ. ಅವಳ ಮೂತ್ರಪಿಂಡವೊಂದು ಬಿಳಿಯರಲ್ಲದ ಬಾಲಕನೊಬ್ಬನಿಗೆ ಹೋಯಿತು. ಮನುಷ್ಯರನ್ನು ಬಣ್ಣದಿಂದ ಬೇರ್ಪಡಿಸಿದ್ದ ಆ ದೇಶದಲ್ಲಿ ಆ ದಾನಕ್ಕೆ ಬಣ್ಣ ಅಡ್ಡ ಬರಲಿಲ್ಲ. ಅದೇ ಆಸ್ಪತ್ರೆಯಲ್ಲಿ ಈ ಚರಿತ್ರೆಯ ನೆನಪಿಗೆ ವಸ್ತುಸಂಗ್ರಹಾಲಯವೊಂದು ತೆರೆದಾಗ ನಲವತ್ತು ವರ್ಷ ಕಳೆದಿತ್ತು.

ವೀರಗಲ್ಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಕೊಟ್ಟವನು ಮಡಿದವನೇ. ಇಲ್ಲಿ ಮಡಿದವರ ಪರವಾಗಿ, ಕಣ್ಣೀರು ಆರುವ ಮೊದಲೇ, ಮನೆಯವರು ಕೊಡಬೇಕು. ಆದುದರಿಂದ ಗೌರವವು ಇಬ್ಬರಿಗೂ ಸಲ್ಲಬೇಕು.

ನಮ್ಮ ದೇಶದಲ್ಲಿ 1994ರ ಕಾಯಿದೆಯು ಮಿದುಳಿನ ಸಾವನ್ನು ಸಾವೆಂದು ಒಪ್ಪಿ, ಅಂಗಗಳ ಮಾರಾಟವನ್ನು ನಿಷೇಧಿಸಿತು. ಹೀಗಾಗಿ ಇಂದಿನ ಗೌರವವು ಬೆಲೆಯಾಗಿ ಮಾರ್ಪಡದಂತೆ ನೋಡಿಕೊಳ್ಳಬೇಕು. 2021ರ ಜೂನಿನಲ್ಲಿ ಬೈಕ್ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಮನೆಯವರು ದಾನ ಮಾಡಿದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಅವರು ಹೆಸರಾಂತ ಕಲಾವಿದರು. ಹೆಸರಿಲ್ಲದ ಕೂಲಿಯವನೂ ಅದೇ ದಾನ ಮಾಡಿದರೆ? 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರವು ಅಂಗದಾನಿಗಳೆಲ್ಲರ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಸಲ್ಲುವುದೆಂದು ಸಾರಿ ಇದಕ್ಕೆ ಉತ್ತರ ಕೊಟ್ಟಿತು.

ಇಂಥ ಗೌರವ ಸಾರ್ವಜನಿಕವಾಗಿಯೇ ಏಕೆ ನಡೆಯಬೇಕು? ದಾನಿಯ ಗುರುತನ್ನು ಪಡೆದವರಿಗೆ ತಿಳಿಸದಿರುವುದು ವೈದ್ಯರ ಪದ್ಧತಿ. ಋಣ ಹೊತ್ತವನಿಗೆ ಕೃತಜ್ಞತೆ ಹೇಳಲು ಮನೆಯ ಬಾಗಿಲೇ ತಿಳಿಯದು. ಅವನು ಹೇಳಲಾರದ ಮಾತನ್ನು ಊರೇ ಹೇಳಬೇಕು. ಪ್ರತಿ ಊರಿನಲ್ಲಿಯೂ, ಮನೆಯವರು ಒಪ್ಪಿದರೆ, ದಾನಿಯ ಹೆಸರು ಕೆತ್ತಿದ ಒಂದು ಕಲ್ಲು ಶಾಲೆಯ ಅಂಗಳದಲ್ಲೋ ಆಸ್ಪತ್ರೆಯ ಬಾಗಿಲಲ್ಲೋ ನಿಲ್ಲಲಿ. ಯಾರದೋ ಕಣ್ಣಿನಿಂದ ಅನ್ನ ಕಾಣುವವರು, ಯಾರದೋ ಹೃದಯದಿಂದ ಉಸಿರಾಡುವವರು ನಮ್ಮ ನಡುವೆಯೇ ಇದ್ದಾರೆ. ನೆನೆಯದೆ ಉಣ್ಣಬಾರದೆಂಬ ಆತಕೂರಿನ ಕಟ್ಟಳೆ ಅವರಿಗೆ ಮಾತ್ರವಲ್ಲ, ನಮಗೂ ಸಲ್ಲುತ್ತದೆ.